‘ಡೆಡ್ ಬಾಯ್ ಡಿಟೆಕ್ಟಿವ್ಸ್’: ಏಳನೇ ಕಂತಿಗಾಗಿಯಾದರೂ ನೋಡಿ

ದೆವ್ವದ ಕಥೆ ಬೇಕು, ಅದರಲ್ಲಿ ಇಬ್ಬರು ಹುಡುಗರ ನಡುವಿನ ಪ್ರೀತಿಯೂ ಇರಬೇಕು, ಅದನ್ನು ಯಾರೂ ಗೇಲಿ ಮಾಡಬಾರದು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ‘ಡೆಡ್ ಬಾಯ್ ಡಿಟೆಕ್ಟಿವ್ಸ್’. ನೆಟ್‌ಫ್ಲಿಕ್ಸ್‌ನಲ್ಲಿ 2024ರ ಏಪ್ರಿಲ್‌ನಲ್ಲಿ ಬಂತು. ಒಟ್ಟು ಎಂಟು ಕಂತು. ಒಂದೆರಡು ಕಡೆ ಎಳೆದಾಡುತ್ತದೆ. ಆದರೆ ಏಳನೇ ಕಂತು ಇದೆಯಲ್ಲ, ಅದೊಂದಕ್ಕಾಗಿಯೇ ಉಳಿದದ್ದನ್ನೆಲ್ಲ ನೋಡಬಹುದು.

ಕಥೆಯ ಬೇರು ಇರುವುದು ಇಂಗ್ಲೆಂಡಿನ ಸೇಂಟ್ ಹಿಲೇರಿಯನ್ಸ್ ಎಂಬ ಹುಡುಗರ ಬೋರ್ಡಿಂಗ್ ಶಾಲೆಯಲ್ಲಿ. 1916ರ ಒಂದು ರಾತ್ರಿ ಎಡ್ವಿನ್ ಪೇನ್ ಎಂಬ ಹುಡುಗನನ್ನು ಸಹಪಾಠಿಗಳು ಎತ್ತಿಕೊಂಡು ಹೋಗುತ್ತಾರೆ. ಪಿಶಾಚಿಗೆ ಬಲಿ ಕೊಡುವ ಆಟ. ಹೆದರಿಸೋಣ ಅಂತ ಮಾಡಿದ ಆಟಕ್ಕೆ ಪಿಶಾಚಿ ನಿಜವಾಗಿಯೂ ಬಂದುಬಿಡುತ್ತದೆ. ಏನೂ ತಪ್ಪು ಮಾಡದ ಎಡ್ವಿನ್ ಎಪ್ಪತ್ತಕ್ಕೂ ಜಾಸ್ತಿ ವರ್ಷ ನರಕದಲ್ಲಿ ಕೊಳೆಯುತ್ತಾನೆ. ಕೊನೆಗೂ ತಪ್ಪಿಸಿಕೊಂಡು ಅದೇ ಶಾಲೆಗೆ ಬರುವ ಹೊತ್ತಿಗೆ 1989. ಆಗ ಅಲ್ಲಿ ಚಾರ್ಲ್ಸ್ ರೋಲೆಂಡ್ ಸಾಯುತ್ತಿದ್ದಾನೆ. ಚಾರ್ಲ್ಸ್‌ನ ತಾಯಿ ಭಾರತೀಯ ಮೂಲದವರು. ಪಾಕಿಸ್ತಾನಿ ಮೂಲದ ಹುಡುಗನೊಬ್ಬನನ್ನು ಹೊಡೆಯುತ್ತಿದ್ದಾಗ ಇವನು ಅಡ್ಡ ಹೋದ. ಜೊತೆಯವರೇ ಇವನ ಮೇಲೆ ಕಲ್ಲು ಬೀರಿದರು. ಕೆರೆಯ ಕೊರೆಯುವ ನೀರಿನಲ್ಲಿ ನೆನೆದು, ಒಳಪೆಟ್ಟು ತಿಂದು, ಅಟ್ಟ ಹತ್ತಿ ಅವಿತುಕೊಂಡಿದ್ದಾನೆ.

ಆ ಅಟ್ಟದ ದೃಶ್ಯವನ್ನು ನೀವು ಗಮನವಿಟ್ಟು ನೋಡಬೇಕು. ಕತ್ತಲೆ. ಚಾರ್ಲ್ಸ್ ಗಡಗಡ ನಡುಗುತ್ತಿದ್ದಾನೆ. ಲಾಟೀನು ಹಿಡಿದು ಇನ್ನೊಬ್ಬ ಹುಡುಗ ಬಂದು ಪಕ್ಕದಲ್ಲಿ ಕೂರುತ್ತಾನೆ, ಓದಿ ಹೇಳುತ್ತಾನೆ. ಅವನು ದೆವ್ವ ಅಂತ ಚಾರ್ಲ್ಸ್‌ಗೆ ಗೊತ್ತಿಲ್ಲ. ಸಾಯುವ ಹೊತ್ತಿಗೆ ಒಬ್ಬನೇ ಇರಬಾರದು ಅಂತ ಎಡ್ವಿನ್ ಬಂದಿದ್ದಾನೆ, ಅಷ್ಟೇ. ಎಡ್ವಿನ್ ಸಾಯುವಾಗ ಆ ರೀತಿ ಯಾರೂ ಬಂದಿರಲಿಲ್ಲ. ಸತ್ತ ಮೇಲೆ ಚಾರ್ಲ್ಸ್ ತನ್ನನ್ನು ಕರೆದೊಯ್ಯಲು ಬಂದ ಸಾವಿನ ಜೊತೆ ಹೋಗದೆ ಎಡ್ವಿನ್ ಜೊತೆಯೇ ಉಳಿದುಬಿಡುತ್ತಾನೆ. ಅಲ್ಲಿಂದ ಮೂವತ್ತು ಚಿಲ್ಲರೆ ವರ್ಷ ಇಬ್ಬರೂ ಸೇರಿ ಬೇರೆ ದೆವ್ವಗಳ ಕೇಸು ಬಿಡಿಸುತ್ತಾ ಇರುತ್ತಾರೆ.

ಸರಣಿ ಇಸವಿಗಳನ್ನು ಹೇಳಿ ಮುಂದೆ ಹೋಗುತ್ತದೆ. ನಾನು ಅಲ್ಲೇ ನಿಂತೆ. 1916ರ ಇಂಗ್ಲೆಂಡಿನಲ್ಲಿ ಗಂಡಸು ಗಂಡಸನ್ನು ಪ್ರೀತಿಸಿದರೆ ಜೈಲು. 1885ರಿಂದಲೂ ಆ ಕಾನೂನು ಇನ್ನಷ್ಟು ಬಿಗಿಯಾಗಿತ್ತು. 1967ರಲ್ಲಿ ಸ್ವಲ್ಪ ಸಡಿಲವಾಯಿತು. ಆದರೆ ಚಾರ್ಲ್ಸ್ ಸಾಯುವುದಕ್ಕೆ ಒಂದು ವರ್ಷ ಮುಂಚೆ, 1988ರಲ್ಲಿ, ಸೆಕ್ಷನ್ 28 ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೀತಿಗೆ ‘ಪ್ರಚಾರ’ ಕೊಡಬಾರದು ಅನ್ನುವ ಕಾನೂನು. ಅದರ ಹೆದರಿಕೆಗೆ ಎಷ್ಟೋ ಮೇಷ್ಟ್ರುಗಳು ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಅಂದರೆ ಎಡ್ವಿನ್ ನರಕದಿಂದ ಎದ್ದು ಬಂದ ಲೋಕವೂ ಅವನ ಪಾಲಿಗೆ ಬಾಯಿ ಮುಚ್ಚಿಸುವ ಲೋಕವೇ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ನಮ್ಮ ದಂಡಸಂಹಿತೆಯ ಸೆಕ್ಷನ್ 377 ಕೂಡ ಅದೇ ಬ್ರಿಟಿಷರು 1860ರಲ್ಲಿ ಬರೆದು ಕೊಟ್ಟದ್ದು ಅಲ್ವಾ? ಸುಪ್ರೀಂ ಕೋರ್ಟ್ ಅದರ ಹಿಡಿತದಿಂದ ನಮ್ಮನ್ನು ಬಿಡಿಸಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಎಡ್ವಿನ್ ಯಾಕೆ ಅಷ್ಟು ಬಿಗಿಯಾಗಿ ಬೋ ಟೈ ಕಟ್ಟಿಕೊಂಡು, ಅಳೆದು ತೂಗಿ ಮಾತಾಡುತ್ತಾನೆ ಅನ್ನುವುದು ಇದನ್ನೆಲ್ಲ ನೆನೆಸಿಕೊಂಡರೆ ಸುಲಭವಾಗಿ ಅರ್ಥವಾಗುತ್ತದೆ.

ನಾನೂ ಹುಡುಗರ ರೆಸಿಡೆನ್ಶಿಯಲ್ ಶಾಲೆಯಲ್ಲಿ ಓದಿದವನು. ಒಂದು ಹಾಲ್‌ನಲ್ಲಿ ನಲವತ್ತು ಮಂಚ, ಮಂಚದ ಕೆಳಗೆ ಟ್ರಂಕು. ವಾರ್ಡನ್ ಲೈಟ್ ಆರಿಸಿ ಹೋದ ಮೇಲೆ ಬೇರೆಯದೇ ಆಡಳಿತ ಶುರುವಾಗುತ್ತಿತ್ತು. ಹಿಂದಿನ ಬಚ್ಚಲಲ್ಲಿ ದೆವ್ವ ಇದೆ ಅಂತ ಪ್ರತಿ ವರ್ಷ ಹೊಸಬರಿಗೆ ಹೇಳುತ್ತಿದ್ದೆವು. ಆದರೆ ನನಗೆ ಹೆದರಿಕೆ ಇದ್ದದ್ದು ದೆವ್ವಕ್ಕಲ್ಲ. ಮೂರು ಮಂಚ ಆಚೆ ಮಲಗುತ್ತಿದ್ದ ಒಬ್ಬ ಹುಡುಗನಿಗೆ. ಎಲ್ಲರೆದುರು ನನ್ನ ನಡಿಗೆಯನ್ನು ಅಣಕಿಸುತ್ತಿದ್ದವನು ಅವನೇ. ಯಾರೂ ಇಲ್ಲದಾಗ ಊರಿನಿಂದ ಬಂದ ಚಕ್ಕುಲಿಯನ್ನು ಮಾತಿಲ್ಲದೆ ನನ್ನ ಟ್ರಂಕಿನ ಮೇಲೆ ಇಟ್ಟು ಹೋಗುತ್ತಿದ್ದವನೂ ಅವನೇ. ಆಗ ಅದರ ತಲೆಬುಡ ತಿಳಿಯುತ್ತಿರಲಿಲ್ಲ.

ಏಳನೇ ಕಂತಿನಲ್ಲಿ ಸೈಮನ್ ಎದುರು ಬಂದಾಗ ತಿಳಿಯಿತು. ಎಡ್ವಿನ್ ಮತ್ತೆ ನರಕಕ್ಕೆ ಬಿದ್ದಿದ್ದಾನೆ. ಗೊಂಬೆಗಳ ತಲೆ ಕೈಕಾಲು ಜೋಡಿಸಿ ಜೇಡದ ಹಾಗೆ ಮಾಡಿದ ಒಂದು ಪ್ರಾಣಿ ಅವನನ್ನು ಹಿಡಿದು ಹರಿದು ಹಾಕುತ್ತದೆ, ಮತ್ತೆ ಮೊದಲಿನಿಂದ ಓಡಬೇಕು. ಅಲ್ಲಿ ಅವನಿಗೆ ಸಿಗುವವನು ಸೈಮನ್, 1916ರಲ್ಲಿ ಅವನನ್ನು ಬಲಿಯ ಆಟಕ್ಕೆ ಎತ್ತಿಕೊಂಡು ಹೋದ ಸಹಪಾಠಿಗಳಲ್ಲಿ ಒಬ್ಬ. ಅವನಿಗೂ ಎಡ್ವಿನ್ ಮೇಲೆ ಮನಸ್ಸಿತ್ತು. ಅದನ್ನು ಮುಚ್ಚಿಡಲು ಹಿಂಸೆ ಕೊಟ್ಟ. ಆ ಪಾಪದ ಭಾರದಲ್ಲಿ ಇನ್ನೂ ಅಲ್ಲೇ ಬಿದ್ದಿದ್ದಾನೆ. ಎಡ್ವಿನ್ ಅವನನ್ನು ಕ್ಷಮಿಸುತ್ತಾನೆ. ಹಿಂಸೆ ಹಿಂಸೆಯೇ, ಸರಣಿ ಅದನ್ನು ಎಲ್ಲೂ ಸಣ್ಣದು ಮಾಡುವುದಿಲ್ಲ. ನನಗೆ ಅದು ಬಹಳ ಹಿಡಿಸಿತು.

ಇಷ್ಟಾಗಿ ಚಾರ್ಲ್ಸ್ ಗೆಳೆಯನನ್ನು ಹುಡುಕಿಕೊಂಡು ನರಕಕ್ಕೇ ಇಳಿದು ಬರುತ್ತಾನೆ. ಮೇಲಕ್ಕೆ ಹೋಗಲು ಇರುವುದು ಒಂದೇ ಮೆಟ್ಟಿಲ ಸಾಲು, ಮುಗಿಯದಷ್ಟು ಉದ್ದ. ಹತ್ತುತ್ತಾ ಹತ್ತುತ್ತಾ ಎಡ್ವಿನ್ ನಿಲ್ಲುತ್ತಾನೆ. ನಿನ್ನನ್ನು ಪ್ರೀತಿಸುತ್ತೇನೆ ಅಂತ ಹೇಳಿಬಿಡುತ್ತಾನೆ. ಜಾರ್ಜ್ ರೆಕ್ಸ್‌ಟ್ರೂ ಆರು ಕಂತು ಕತ್ತು ಬಗ್ಗಿಸದೆ ಆಡಿದ ನಟ. ಇಲ್ಲಿ ಅವನ ಮುಖ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚಾರ್ಲ್ಸ್ ಆಗಿ ಜೇಡನ್ ರೆವ್ರಿ ಕೊಡುವ ಉತ್ತರ ಇನ್ನೂ ಚೆಂದ. ಅದೇ ಮಾತು ನಾನು ತಿರುಗಿ ಹೇಳಲಾರೆ, ಆದರೆ ಇನ್ಯಾರಿಗಾಗಿಯೂ ನರಕಕ್ಕೆ ಬರುತ್ತಿರಲಿಲ್ಲ, ಮಿಕ್ಕದ್ದಕ್ಕೆ ನಮಗೆ ಬೇಕಾದಷ್ಟು ಕಾಲ ಇದೆ ಅನ್ನುವ ಅರ್ಥದ ಮಾತು. ಅಸಹ್ಯವಿಲ್ಲ, ಒಂದು ಹೆಜ್ಜೆ ಹಿಂದೆ ಸರಿಯುವುದೂ ಇಲ್ಲ. ಹದಿನಾರು ಹದಿನೇಳರಲ್ಲಿ ಗೆಳೆಯನಿಗೆ ಮನಸ್ಸು ಬಿಚ್ಚಿ ಹೇಳಬೇಕು ಅಂದುಕೊಂಡ ಯಾರಿಗಾದರೂ ಗೊತ್ತು, ಬೇಡವೆನ್ನಿಸಿಕೊಳ್ಳುವುದಕ್ಕಿಂತ ಗೆಳೆತನವೇ ಮುರಿದೀತು ಅನ್ನುವ ದಿಗಿಲು ದೊಡ್ಡದು. ಆ ದಿಗಿಲಿಗೆ ಇಷ್ಟು ನೇರವಾದ ಉತ್ತರ ಕೊಟ್ಟ ಇನ್ನೊಂದು ದೃಶ್ಯ ನಾನು ನೋಡಿಲ್ಲ. ಆರಾಮವಾಗಿ ಒಂದು ಮುತ್ತಿನಲ್ಲಿ ಮುಗಿಸಬಹುದಿತ್ತು. ಮುಗಿಸದೆ ಇದ್ದದ್ದೇ ಸರಿ.

ಇನ್ನು ಕೊರತೆ. ಶಾಲೆ ತೆರೆಯ ಮೇಲೆ ಇರುವುದು ಕಡಿಮೆ ಹೊತ್ತು. ಬಹುಪಾಲು ಕಥೆ ಅಮೆರಿಕದ ಪೋರ್ಟ್ ಟೌನ್ಸೆಂಡ್ ಎಂಬ ಕಡಲ ಊರಿನಲ್ಲಿ ನಡೆಯುತ್ತದೆ. ಹಳೇ ಹಾಸ್ಟೆಲ್, ಗೋಡೆಯ ಸದ್ದು, ಉದ್ದನೆ ಕಾರಿಡಾರು ಅಂತ ಆಸೆ ಇಟ್ಟುಕೊಂಡವರಿಗೆ ನಿರಾಸೆ ಆಗುತ್ತದೆ. ಮಾಟಗಾತಿ ಎಸ್ತರ್‌ಳ ಕಥೆ ಸುಮ್ನೆ ಉದ್ದವಾಗಿದೆ. ಎಡ್ವಿನ್‌ನ ಹಿಂದೆ ಬೀಳುವ ಬೆಕ್ಕುಗಳ ರಾಜ, ಕಾಗೆಯಿಂದ ಮನುಷ್ಯನಾದ ಮಾಂಟಿ ಇಬ್ಬರೂ ಸೊಗಸಾಗಿದ್ದಾರೆ, ಆದರೆ ಅವರಿಬ್ಬರಿಗೂ ಸಾಕಷ್ಟು ಜಾಗ ಸಿಕ್ಕಿಲ್ಲ. ನಿಕೋ ಎಂಬ ಹುಡುಗಿಗೆ ಮಾತ್ರ ಒಂದು ದೃಶ್ಯವೂ ದಂಡವಲ್ಲ.

ಚಾರ್ಲ್ಸ್‌ನ ಆಯುಧ ಕ್ರಿಕೆಟ್ ಬ್ಯಾಟು. ದೆವ್ವಗಳಿಗೆ ಈ ಕಥೆಯಲ್ಲಿ ಒಂದು ನಿಯಮವೂ ಇದೆ: ಕಬ್ಬಿಣ ತಾಗಿದರೆ ಸುಡುತ್ತದೆ. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣದ ಚೂರು ಇಡುವುದನ್ನು ಕಂಡವರಿಗೆ ಆ ನಿಯಮವನ್ನು ಯಾರೂ ವಿವರಿಸಬೇಕಿಲ್ಲ.

ಮೂರನೇ ಕಂತಿನಲ್ಲಿ ಒಬ್ಬ ಅಪ್ಪ ಮನೆಯವರನ್ನೆಲ್ಲ ಕೊಡಲಿಯಿಂದ ಕೊಲ್ಲುವುದು ಮತ್ತೆ ಮತ್ತೆ ಬರುತ್ತದೆ. ಚಾರ್ಲ್ಸ್‌ಗೂ ಹೊಡೆಯುವ ಅಪ್ಪನೇ ಇದ್ದದ್ದು, ಅದು ಅವನನ್ನು ಅಲ್ಲಾಡಿಸಿಬಿಡುತ್ತದೆ. ಮನೆಯಲ್ಲಿ ಏಟು ತಿಂದು ಬೆಳೆದವರು ಅದನ್ನು ರಾತ್ರಿ ಒಬ್ಬರೇ ಕೂತು ನೋಡಬೇಡಿ. ಮಕ್ಕಳ ಜೊತೆ ಅಂತೂ ಬೇಡವೇ ಬೇಡ. ಎರಡನೇ ಸೀಸನ್ ಬರುವುದಿಲ್ಲ. 2024ರ ಆಗಸ್ಟ್‌ನಲ್ಲೇ ನೆಟ್‌ಫ್ಲಿಕ್ಸ್ ಇದನ್ನು ನಿಲ್ಲಿಸಿತು. ನಿಕೋಳ ಕಥೆ ಅರ್ಧಕ್ಕೆ ನಿಂತದ್ದು ನನಗೆ ಇವತ್ತಿಗೂ ಬೇಜಾರು. ಎಡ್ವಿನ್ ಚಾರ್ಲ್ಸ್ ವಿಷಯದಲ್ಲಿ ಆ ಬೇಜಾರಿಲ್ಲ. ಹೇಳಬೇಕಾದದ್ದನ್ನು ಅವರು ಮೆಟ್ಟಿಲ ಮೇಲೆ ಹೇಳಿಕೊಂಡಾಗಿದೆ.