ಮನೆ ಬೆಂಕಿಯ ಕ್ಲೇಮ್‌ಗೆ ವಕೀಲರು ಬೇಕಾ? ಪುಣೆಯಲ್ಲಿ ನಮಗಾದದ್ದು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿದದ್ದು ನಮ್ಮ ವಕೀಲೆ ಮೇಡಂ ಫೋನ್ ಎತ್ತುವುದಿಲ್ಲ ಅಂತ. ಉಳಿದ ನಾಲ್ಕು ಅವರು ನಮ್ಮ ಪಾಲಿಸಿಯನ್ನು ಕೂತು ಓದಿದ್ದಕ್ಕೆ. ಅಲ್ಲಿಯವರೆಗೆ ಅದನ್ನು ಯಾರೂ ಓದಿರಲಿಲ್ಲ, ನಾನೂ ಸೇರಿ.

ಹೆಸರು ಹಾಕಿಲ್ಲ. ವಕೀಲರು ಜಾಹೀರಾತು ಕೊಡಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ನಾನು ಇಲ್ಲಿ ಹೊಗಳಿ ಅವರಿಗೆ ಸುಮ್ನೆ ತಲೆನೋವು ತರುವುದು ಬೇಡ.

ನಮ್ಮ ಫ್ಲಾಟ್ ಸಿಂಹಗಡ ರಸ್ತೆ ಕಡೆ. ಕಳೆದ ವರ್ಷ ಬೇಸಿಗೆಯಲ್ಲಿ ಫ್ರಿಜ್ ಹಿಂದಿನ ಪ್ಲಗ್ ಪಾಯಿಂಟ್ ಹೊತ್ತಿಕೊಂಡಿತು. 101ಕ್ಕೆ ಫೋನ್ ಮಾಡಿದೆವು, ಬೇಗ ಬಂದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಡುಗೆಮನೆ ಪೂರ್ತಿ ಹೋಯಿತು, ಹಾಲ್‌ನ ಅರ್ಧ ಗೋಡೆ ಮಸಿ, ವೈರಿಂಗ್ ಎಲ್ಲಾ ಕರಗಿತ್ತು. ಇನ್ಶೂರೆನ್ಸ್ ಇತ್ತು, ಹಾಗಾಗಿ ಧೈರ್ಯವಾಗಿಯೇ ಇದ್ದೆವು.

ಇಲ್ಲಿ ನಮ್ಮ ಮನೆಯ ತಪ್ಪನ್ನೂ ಹೇಳಬೇಕು. ಗದಗದಿಂದ ಓಡಿಬಂದ ಅಮ್ಮನಿಗೆ ಆ ಮಸಿ ನೋಡಲಾಗಲಿಲ್ಲ. ನಾನು ಪಂಚನಾಮೆ, ಅಗ್ನಿಶಾಮಕ ದಳದ ವರದಿ ಅಂತ ಅಲೆಯುತ್ತಿದ್ದೆ. ಅಷ್ಟರಲ್ಲಿ ಅಮ್ಮ ಗೋಡೆ ತೊಳೆದು, ಸುಟ್ಟ ಮಿಕ್ಸರ್, ಕುಕ್ಕರ್, ಓವನ್ ಎಲ್ಲವನ್ನೂ ಭಂಗಾರ್‌ವಾಲಾಗೆ, ಅಂದರೆ ಗುಜರಿಯವನಿಗೆ, ಕೊಟ್ಟು 340 ರೂಪಾಯಿ ಇಸಿದುಕೊಂಡಿದ್ದರು. ಮರುದಿನ ನಷ್ಟದ ಲೆಕ್ಕ ಹಾಕಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದು "ಸಾಮಾನು ಎಲ್ಲಿ?" ಅಂದರು. ಏನು ಹೇಳೋದು?

ರಿಪೇರಿಗೆ 4,20,000, ಸಾಮಾನಿಗೆ 1,60,000 ಅಂತ ನಾವು ಕೇಳಿದ್ದೆವು. ಕಂಪನಿ ಒಪ್ಪಿದ್ದು ಒಟ್ಟು 3,95,000. ಸರ್ವೇಯರ್ ಲೆಕ್ಕ ಹೀಗೆ: ಈ ಮನೆಯನ್ನು ಇವತ್ತು ಕಟ್ಟಲು 40 ಲಕ್ಷ ಬೇಕು, ನೀವು ವಿಮೆ ಮಾಡಿಸಿದ್ದು 30 ಲಕ್ಷಕ್ಕೆ, ಆದ್ದರಿಂದ ರಿಪೇರಿಯ ಮುಕ್ಕಾಲು ಭಾಗ ಮಾತ್ರ. ಸಾಮಾನಿನಲ್ಲಿ ಸವಕಳಿ, ಅಂದರೆ ಹಳೆಯದಾಗಿ ಬೆಲೆ ಇಳಿದಿದೆ, ಅಂತ ಬೇರೆ ಕಡಿತ. ಜೊತೆಗೆ ಒಂದು ಕಾಗದ, ಇದು ಪೂರ್ತಿ ಮತ್ತು ಅಂತಿಮ, ಇನ್ನೇನೂ ಕೇಳುವುದಿಲ್ಲ ಅಂತ ಸಹಿ ಹಾಕಬೇಕಂತೆ. ನಾನು ಪೆನ್ ತೆಗೆದೂ ಆಗಿತ್ತು. ಹೆಂಡತಿ ತಡೆದಳು.

ಮೊದಲು ಹೋದದ್ದು ಬೇರೊಬ್ಬ ವಕೀಲರ ಹತ್ತಿರ. ಪಾಲಿಸಿ ಕಡೆ ಕಣ್ಣೂ ಹಾಯಿಸಲಿಲ್ಲ, "ಕೇಸ್ ಹಾಕೋಣ, ಬಂದದ್ದರಲ್ಲಿ 20 ಪರ್ಸೆಂಟ್ ನನಗೆ" ಅಂದರು. ಹೀಗೆ ಗೆದ್ದ ಹಣದಲ್ಲಿ ಪಾಲು ಕೇಳುವುದನ್ನೂ ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಆಮೇಲೆ ಸಿಕ್ಕವರು ಈ ಮೇಡಂ. ಆಫೀಸು ಶಿವಾಜಿನಗರ ಕೋರ್ಟ್ ಹತ್ತಿರ. ಸೊಲ್ಲಾಪುರದ ಕಡೆಯವರು, ಕನ್ನಡ ಚೆನ್ನಾಗಿಯೇ ಬರುತ್ತದೆ, ನಡುನಡುವೆ ಮರಾಠಿ ನುಗ್ಗುತ್ತದೆ. ಮೊದಲ ಭೇಟಿಗೆ 1,500. ನಾನು ಕೊಟ್ಟ ಪಾಲಿಸಿ ತಿರುಗಿಸಿ ನೋಡಿ, "ಇದು ಎರಡೇ ಹಾಳಿ ಐತಲ್ರೀ, ಉಳಿದದ್ದು ಎಲ್ಲಿ?" ಅಂದರು. ಏಜೆಂಟ್ ನಮಗೆ ಕೊಟ್ಟಿದ್ದೇ ಆ ಎರಡು ಹಾಳೆ. ಅಲ್ಲೇ ಕೂತು ಕಂಪನಿಯ ವೆಬ್‌ಸೈಟಿನಿಂದ ಪೂರ್ತಿ ಪಾಲಿಸಿ ಇಳಿಸಿಕೊಂಡು ಪೆನ್ಸಿಲ್ ಹಿಡಿದು ಓದಿದರು. ಮುಕ್ಕಾಲು ಗಂಟೆ. ನಾನು ಗೋಡೆ ಗಡಿಯಾರ ನೋಡುತ್ತಾ ಕೂತಿದ್ದೆ.

ನಮ್ಮದು ಭಾರತ್ ಗೃಹ ರಕ್ಷಾ ಪಾಲಿಸಿ. ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ 2021ರ ಏಪ್ರಿಲ್‌ನಲ್ಲಿ ಸಾಮಾನ್ಯ ವಿಮಾ ಕಂಪನಿಗಳಿಗೆ ಕಡ್ಡಾಯ ಮಾಡಿದ ಒಂದೇ ಮಾದರಿಯ ಮನೆ ವಿಮೆ. ಇದರಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಅಂತ ಕ್ಲೇಮ್ ಕಡಿಯುವ ಹಾಗೇ ಇಲ್ಲ! ಹಳೆಯ ಫೈರ್ ಪಾಲಿಸಿಗಳಲ್ಲಿ ಆ ಲೆಕ್ಕ ಇತ್ತು, ಸರ್ವೇಯರ್ ಅದನ್ನೇ ಇಲ್ಲಿಗೂ ಹಚ್ಚಿಬಿಟ್ಟಿದ್ದರು. 1,05,000 ರೂಪಾಯಿಯ ವ್ಯತ್ಯಾಸ ಒಂದು ಪುಟದ ನಾಲ್ಕು ಸಾಲಿನಲ್ಲಿ ಅಡಗಿತ್ತು.

"ಸರ್ವೇಯರ್ ಬರೆದಾಯ್ತಲ್ಲ ಮೇಡಂ?" ಅಂದೆ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಅಂತ 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅಂದರು. ಅಮ್ಮನ ಭಂಗಾರಿನ ಕಥೆ ಕೇಳಿ ಮಾತ್ರ ಬೈದರು. "ಸುಟ್ಟದ್ದನ್ನ ಯಾಕ ಕೊಟ್ರಿ? ಅದಕ್ಕ ಬಿಲ್ಲೂ ಇಲ್ಲ, ಫೋಟೋನೂ ಇಲ್ಲ, ಅದನ್ನ ಮರೀರಿ." ಮರೆತೆವು.

ನನಗೆ ಅವರು ಇಷ್ಟವಾದದ್ದು ಮುಂದಿನ ಮಾತಿಗೆ. ಕೇಸ್ ಹಾಕಿ ಅಂತ ನಾನೇ ಕುಣಿಯುತ್ತಿದ್ದೆ. ಅವರು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯೋಣ, ಒಂದು ತಿಂಗಳು ನೋಡೋಣ, ಆಮೇಲೆ ವಿಮೆಯ ಜಗಳ ತೀರಿಸುವ ಅಧಿಕಾರಿ, ವಿಮಾ ಒಂಬುಡ್ಸ್‌ಮನ್ ಹತ್ತಿರ ನೀವೇ ಹೋಗಿ, ಅಲ್ಲಿಗೆ ವಕೀಲರು ಬರುವ ಹಾಗಿಲ್ಲ, ಫೀಸೂ ಇಲ್ಲ ಅಂದರು. ತಮ್ಮ ಮುಂದಿನ ಸಂಪಾದನೆಯನ್ನು ತಾವೇ ಬಿಟ್ಟುಕೊಡುವವರು ಎಷ್ಟು ಜನ ಸಿಗುತ್ತಾರೆ? 50 ಲಕ್ಷದವರೆಗಿನ ಜಗಳ ಅಲ್ಲಿ ನಡೆಯುತ್ತದೆ, ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ಇದ್ದೇ ಇದೆ. ಅದಕ್ಕೆ ಎರಡು ವರ್ಷದ ಗಡುವು, ಅದನ್ನು ಮರೆಯಬೇಡಿ ಅಂದರು. ಮೊದಲೇ ಆಯೋಗದಲ್ಲಿ ಕೇಸ್ ಹಾಕಿಬಿಟ್ಟರೆ ಒಂಬುಡ್ಸ್‌ಮನ್ ಅದೇ ವಿಷಯ ಮುಟ್ಟುವುದಿಲ್ಲ. ನಾನು ಆ 20 ಪರ್ಸೆಂಟ್‌ನವರ ಮಾತು ಕೇಳಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು.

ಕಂಪನಿಗೆ ಪತ್ರ, ಒಂಬುಡ್ಸ್‌ಮನ್‌ಗೆ ದೂರು, ಜೊತೆಗೆ ನಾನು ಅಲ್ಲಿ ಏನು ಹೇಳಬೇಕು ಅನ್ನೋ ಒಂದು ಪುಟದ ಟಿಪ್ಪಣಿ, ಎಲ್ಲಕ್ಕೂ ಸೇರಿ 15,000. ಕಂಪನಿ ಜಗ್ಗಲಿಲ್ಲ. ದೂರನ್ನು ನಾರಾಯಣ ಪೇಟೆಯ ಒಂಬುಡ್ಸ್‌ಮನ್ ಕಚೇರಿಗೆ ನಾನೇ ಕೊಟ್ಟು ಬಂದೆ. ವಿಚಾರಣೆಯ ದಿನ ನನ್ನ ಮಾತು ಮುಗಿದದ್ದು ಹತ್ತು ನಿಮಿಷದಲ್ಲಿ. ಟಿಪ್ಪಣಿ ನೋಡಿ ಓದಿದೆ, ನಾಚಿಕೆ ಏನಿಲ್ಲ. ರಿಪೇರಿಯ 4,20,000 ಪೂರ್ತಿ, ಸಾಮಾನಿಗೆ 1,12,000, ಒಟ್ಟು 5,32,000 ಬಂತು. ಅಮ್ಮ ಇವತ್ತಿಗೂ ಆ 340 ರೂಪಾಯಿ ಲೆಕ್ಕಕ್ಕೆ ಸೇರಿಸು ಅನ್ನುತ್ತಾರೆ.

ದೂರುಗಳೂ ಇವೆ. ಫೋನ್ ವಿಷಯ ಹೇಳಿದೆ, ಬೆಳಗ್ಗೆ ಮಾಡಿದರೆ ರಾತ್ರಿ ಒಂಬತ್ತಕ್ಕೆ ವಾಟ್ಸ್ಯಾಪ್‌ನಲ್ಲಿ ಧ್ವನಿ ಸಂದೇಶ ಬರುತ್ತದೆ, ಅದೂ ಹಿಂದೆ ಕುಕ್ಕರ್ ಸೀಟಿ ಸಮೇತ. ಗುಮಾಸ್ತರು ನಮ್ಮ ಅಡ್ಡಹೆಸರನ್ನು ಎರಡು ಸಲ ತಪ್ಪು ಟೈಪ್ ಮಾಡಿದರು. ಝೆರಾಕ್ಸ್‌ಗೆ 640 ರೂಪಾಯಿ ಬೇರೆ ತೆಗೆದುಕೊಂಡರು, ಅದು ಜಾಸ್ತಿ ಅಲ್ವಾ?

ಯಾರು ಅಂತ ತಿಳಿಯಬೇಕಿದ್ದರೆ ನನ್ನನ್ನು ಕೇಳಿ, ಹೇಳುತ್ತೇನೆ. ಪಾಲಿಸಿಯ ಎಲ್ಲಾ ಹಾಳೆ ತೆಗೆದುಕೊಂಡು ಸಂಜೆ ಐದರ ಮೇಲೆ ಹೋಗಿ. ಮೂರನೇ ಮಹಡಿ. ಲಿಫ್ಟ್ ಇದೆ ಅಂತ ಬೋರ್ಡ್ ಇದೆ, ನಂಬಬೇಡಿ.