ಹೀಥ್ರೂ ವಿಮಾನ ನೋಡೋಕೆ ಮರ್ಟಲ್ ಅವೆನ್ಯೂ ಹುಲ್ಲೋ, ಬಾತ್ ರೋಡ್ ಹೋಟೆಲ್ ಕಿಟಕಿಯೋ?

ಅಪ್ಪ ದಾವಣಗೆರೆಯಿಂದ ಬಂದಾಗ ಲಂಡನ್ನಿನ ಅರಮನೆ, ಸೇತುವೆ ಎಲ್ಲ ಎರಡೇ ದಿನಕ್ಕೆ ಬೇಜಾರಾಯ್ತು, ವಿಮಾನ ಇಳಿಯೋದು ತೋರಿಸ್ತೀನಿ ಬನ್ನಿ ಅಂದಿದ್ದಕ್ಕೆ ಮಾತ್ರ ಮಫ್ಲರ್ ಸುತ್ಕೊಂಡು ಬಾಗಿಲಲ್ಲಿ ನಿಂತಿದ್ರು. ಹಂಗಾಗಿ ಹೀಥ್ರೂ ಏರ್‌ಪೋರ್ಟ್ ಸುತ್ತ ಮೂರು ಜಾಗ ಟ್ರೈ ಮಾಡಿದ್ವಿ.

ಮೊದಲನೇದು ಮರ್ಟಲ್ ಅವೆನ್ಯೂ. ಮೆಟ್ರೋದ ಪಿಕ್ಕಡಿಲಿ ಲೈನಲ್ಲಿ ಬಂದು ಹ್ಯಾಟನ್ ಕ್ರಾಸ್ ಸ್ಟೇಷನ್ನಲ್ಲಿ ಇಳಿದು ಸ್ವಲ್ಪ ನಡೆದ್ರೆ ಸಾಕು, ಮಾಮೂಲಿ ಮನೆಗಳ ಬೀದಿ, ತುದೀಲಿ ಒಂದಿಷ್ಟು ಹುಲ್ಲು. ಹೀಥ್ರೂನ ಎರಡು ರನ್‌ವೇಲಿ ದಕ್ಷಿಣದ್ದಕ್ಕೆ ಇಳಿಯೋ ವಿಮಾನ ಹೆಂಚು ಸವರ್ಕೊಂಡು ಬಂದಂಗೆ ಬರುತ್ತೆ, ಹೊಟ್ಟೆಗೆ ಮೆತ್ತಿರೋ ಕೊಳೆನೂ ಕಾಣುತ್ತೆ. ಒಂದು ಎ380, ಅಂದ್ರೆ ಎರಡಂತಸ್ತಿನ ದೈತ್ಯ ವಿಮಾನ, ಹೋಗಿ ಸದ್ದೆಲ್ಲ ಅಡಗಿದ ಮೇಲೆ ಮೇಲಿಂದ ಯಾರೋ ಚಾಟಿ ಬೀಸಿದಂಗೆ ಸುಂಯ್ ಅಂತು, ಮರದೆಲೆ ಅಲ್ಲಾಡ್ತು. ರೆಕ್ಕೆ ತುದಿಯಿಂದ ಸುರುಳಿ ಸುತ್ಕೊಂಡು ಕೆಳಗಿಳಿಯೋ ಗಾಳಿ ಅದು. ಅಪ್ಪ "ದೆವ್ವ ಹೊಕ್ಕಂಗಾತಲ್ಲೋ" ಅಂದ್ರು.

ಆದ್ರೆ ಗಾಳಿ ಪಶ್ಚಿಮದಿಂದ ಬೀಸ್ತಿರಬೇಕು, ವಿಮಾನ ಇಳಿಯೋದು ಗಾಳಿಗೆ ಎದುರಾಗಿ, ಮರ್ಟಲ್ ಇರೋದು ರನ್‌ವೇಯ ಪೂರ್ವದ ತುದೀಲಿ. ಪೂರ್ವದ ಗಾಳಿ ಇದ್ದ ದಿನ ಹೋದ್ರೆ ಅಲ್ಲಿ ಬರೀ ಟೇಕಾಫ್, ಅದೂ ಆಗ್ಲೇ ಎತ್ತರಕ್ಕೆ ಹೋಗಿರ್ತವೆ. ಇನ್ನೊಂದು, ಪಶ್ಚಿಮದ ಗಾಳಿ ಇದ್ದಾಗ ಲ್ಯಾಂಡಿಂಗ್ ರನ್‌ವೇನ ಮಧ್ಯಾಹ್ನ 3ಕ್ಕೆ ಬದಲಾಯಿಸ್ತಾರೆ, ಮುಂದಿನ ವಾರ ಬೆಳಗ್ಗೆದು ಮಧ್ಯಾಹ್ನಕ್ಕೆ ಮಧ್ಯಾಹ್ನದ್ದು ಬೆಳಗ್ಗೆಗೆ, ಪಾಪ ಕೆಳಗಿನ ಮನೆಯವರ ಕಿವಿಗೂ ಅರ್ಧ ದಿನ ರೆಸ್ಟ್ ಬೇಕಲ್ಲ. ಇದು ಗೊತ್ತಿಲ್ದೆ ಎರಡೂವರೆಗೆ ಹೋಗಿ, ಚಪಾತಿ ಡಬ್ಬಿ ಬಿಚ್ಚಿ ತಿನ್ನೋಷ್ಟರಲ್ಲಿ ಆಕಾಶ ಖಾಲಿ, ದೂರದಲ್ಲಿ ಉತ್ತರದ ಕಡೆ ಸಾಲಾಗಿ ಇಳೀತಿದ್ವು. ವೇಳಾಪಟ್ಟಿ ಏರ್‌ಪೋರ್ಟಿನವರೇ ಹಾಕಿರ್ತಾರೆ, ನೋಡ್ಕೊಂಡು ಹೋಗಿ.

ಅಂಥ ಹೊತ್ತಿಗೆ ಬಾತ್ ರೋಡ್ ಮೆಕ್‌ಡೊನಾಲ್ಡ್ಸ್. ಉತ್ತರದ ರನ್‌ವೇ ಹತ್ರ. ವಿಮಾನ ಪಕ್ಕದಿಂದ ಕಾಣುತ್ತೆ, ಮೈ ಜುಮ್ ಅನ್ನಲ್ಲ, ಆದ್ರೆ ಕಾಫಿ, ಟಾಯ್ಲೆಟ್ ಎರಡೂ ಇದೆ. ಶುಗರ್ ಇರೋ ಎಪ್ಪತ್ತರ ಮನುಷ್ಯನ್ನ ಕರ್ಕೊಂಡು ಹೋದೋರಿಗೆ ಇದರ ಬೆಲೆ ಗೊತ್ತು. ಮರ್ಟಲ್‌ನಲ್ಲಿ ಟಾಯ್ಲೆಟ್ ಇಲ್ಲ.

ಮೂರನೇದು ಅದೇ ರೋಡಿನ ಒಂದು ಹೋಟೆಲ್ಲು, ರನ್‌ವೇ ಕಡೆ ಕಿಟಕಿ ಇರೋ ರೂಮೇ ಬೇಕು ಅಂತ ಕೇಳಿ ತಗೊಂಡ್ವಿ. ಬೆಚ್ಚಗೆ ಕೂತು ಇಳಿಯೋದು ಏರೋದು ಎರಡೂ ನೋಡಬಹುದು, ಬೆಳಗಿನ ಜಾವ ಐದಕ್ಕೂ ಮುಂಚೆ ಏಷ್ಯಾ ಕಡೆಯಿಂದ ಬರೋವೂ ಸಿಗ್ತವೆ. ಆದ್ರೆ ಗಾಜು ದಪ್ಪ, ಸದ್ದೇ ಇಲ್ಲ, ಟೀವಿ ಮ್ಯೂಟ್ ಮಾಡಿ ನೋಡ್ದಂಗೆ. ಆರು ಗಂಟೆಗೆಲ್ಲಾ ಅಪ್ಪ ಕಿಟಕಿ ಚಿಲಕ ಹುಡುಕ್ತಿದ್ರು, ಅದು ತೆಗೆಯೋ ಕಿಟಕಿನೇ ಅಲ್ಲ. ಬಾಡಿಗೆ ಕೇಳಿ "ಇಷ್ಟು ದುಡ್ಡಿಗೆ ಸದ್ದೂ ಇಲ್ವಾ" ಅಂತ ಆಮೇಲೆ ಎರಡು ದಿನ ಗೊಣಗಿದ್ರು.

ನನ್ನ ಓಟು ಮರ್ಟಲ್‌ಗೇ. ಬಿಸಿಲಿದ್ರೂ ಜಾಕೆಟ್ ಬಿಡಬೇಡಿ, ಹೊರಡೋ ಮುಂಚೆ ಯಾವ ವಿಮಾನ ಎಲ್ಲಿದೆ ಅಂತ ತೋರಿಸೋ ಫ್ಲೈಟ್‌ರೇಡಾರ್ ಆ್ಯಪ್ ತೆಗೆದು ಇಳಿಯೋವು ಯಾವ ಕಡೆ ಸಾಲಾಗಿವೆ ಅಂತ ಒಂದ್ಸಲ ನೋಡ್ಬಿಡಿ.