ನಡುಮನೆಯ ಮೇಲ್ಕಿಟಕಿಗಳು: ಬೆಳಕಿಗೆ ಪೂರ್ಣ ಅಂಕ, ಬಿಡಿಭಾಗಗಳಿಗೆ ಅರ್ಧ

ಬೆಂಗಳೂರಿನ 30×40 ಅಡಿ ನಿವೇಶನಗಳಲ್ಲಿ ಅಕ್ಕಪಕ್ಕದ ಗೋಡೆಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ, ಬದಿಯ ಗೋಡೆಯಲ್ಲಿ ಎಷ್ಟೇ ದೊಡ್ಡ ಕಿಟಕಿ ಇಟ್ಟರೂ ನಡುಮನೆಗೆ ಹಗಲಿನಲ್ಲೇ ದೀಪ ಬೇಕಾಗುತ್ತದೆ. ಮನೆಯನ್ನು ನವೀಕರಿಸುವಾಗ ನಾವು ನಡುಮನೆಯ ತಾರಸಿಯನ್ನಷ್ಟೇ ಸುತ್ತಲಿನ ಮಟ್ಟಕ್ಕಿಂತ ಎತ್ತರಿಸಿ, ಆ ಎತ್ತರದ ಗೋಡೆಯ ಉತ್ತರ ಮತ್ತು ದಕ್ಷಿಣ ಮುಖಗಳಲ್ಲಿ ಸಾಲಾಗಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಕಿಟಕಿಗಳನ್ನು ಕೂರಿಸಿದೆವು. ಉಪಾಯವೇನೂ ಹೊಸದಲ್ಲ. ಈಜಿಪ್ಟಿನ ಕಾರ್ನಕ್ ದೇವಾಲಯದ ಕಂಬಗಳ ಮಂಟಪದಲ್ಲಿ ನಡುವಿನ 12 ಕಂಬಗಳು ಉಳಿದ 122 ಕಂಬಗಳಿಗಿಂತ ಎತ್ತರವಾಗಿದ್ದು, ಆ ಅಂತರದಲ್ಲಿಯೇ ಕಲ್ಲಿನ ಜಾಲಂಧ್ರಗಳಿವೆ.

ಬೆಳಕಿನ ವಿಷಯದಲ್ಲಿ ಯಾವ ದೂರೂ ಇಲ್ಲ. ಮೇಲಿನಿಂದ ಬಂದ ಬೆಳಕು ಸುಣ್ಣ ಬಳಿದ ಸೂರಿಗೂ ಎದುರು ಗೋಡೆಗೂ ತಾಗಿ ಚದುರಿ ಇಳಿಯುವುದರಿಂದ ಕಣ್ಣಿಗೆ ಕುಕ್ಕುವುದಿಲ್ಲ; ಕೋಣೆಯ ಮೂಲೆಯಲ್ಲಿ ಕುಳಿತೂ ಪತ್ರಿಕೆ ಓದಬಹುದು. ತಾರಸಿಗೆ ನೇರವಾಗಿ ಗಾಜು ಹೊದಿಸಿದ್ದರೆ ನಡುನೆತ್ತಿಯ ಬಿಸಿಲೆಲ್ಲ ಒಳಗಿಳಿಯುತ್ತಿತ್ತು. ನಿಂತ ಗಾಜಿಗೆ ಆ ತೊಂದರೆ ಬಹಳ ಕಡಿಮೆ. ಕಿಟಕಿ ತೆರೆದಿಟ್ಟರೆ ಮೇಲೇರಿದ ಬಿಸಿಗಾಳಿ ಅಲ್ಲಿಂದಲೇ ಹೊರಹೋಗುತ್ತದೆಂಬುದು ಬೇಸಿಗೆಯಲ್ಲಿ ಸಿಗುವ ಹೆಚ್ಚಿನ ಲಾಭ.

ಆದರೆ ಉತ್ತರದ ಕಿಟಕಿಗೆ ಸಜ್ಜಾ ಬೇಡವೆಂದು ಕಿಟಕಿ ಸರಬರಾಜು ಮಾಡಿದವರು ಕೊಟ್ಟ ಸಲಹೆಯನ್ನು ಒಪ್ಪಲಾಗದು. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಮೋಡವಿಲ್ಲದ ದಿನ ಉತ್ತರದ ಗಾಜಿನ ಮೇಲೂ ಬಿಸಿಲು ಬೀಳುತ್ತದೆ. ಡಿಸೆಂಬರ್‌ನಲ್ಲಿ ದಕ್ಷಿಣದಿಂದ ಒಳಬರುವ ಎಳೆಬಿಸಿಲು ಹಿತವೆನಿಸುತ್ತದೆ, ಅದನ್ನು ತಡೆಯಬೇಕಿಲ್ಲ. ತಲೆಯ ಮೇಲಿನ ಗಾಜಾದ್ದರಿಂದ, ಒಡೆದರೂ ಚೂರುಗಳನ್ನು ಹಿಡಿದಿಡುವ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ ಹಾಕಿಸಿಕೊಂಡೆವು. ಆ ಹೆಚ್ಚುವರಿ ಖರ್ಚು ದಂಡವಲ್ಲ.

ಅಂಕ ಕಳೆಯುವುದು ತೆರೆದು ಮುಚ್ಚುವ ವ್ಯವಸ್ಥೆಗೆ. ಮೇಲಂಚಿನಲ್ಲಿ ತಿರುಗಣಿಯಿದ್ದು ಹೊರಕ್ಕೆ ತೆರೆಯುವ ಕಿಟಕಿ ಮಳೆಗೆ ಒಳ್ಳೆಯದು, ಸ್ವಲ್ಪ ತೆರೆದಿದ್ದರೂ ಇರಚಲು ಒಳಬರುವುದಿಲ್ಲ. ಆದರೆ ಅದರ ಹಿಡಿಯನ್ನು ಕೊಕ್ಕೆಕೋಲಿನಿಂದ ತಳ್ಳಬೇಕು, ಸೊಳ್ಳೆಯ ಜಾಲರಿಯನ್ನು ಕೂರಿಸಿರುವುದೋ ಒಳಬದಿಯಲ್ಲಿ! ಹೀಗಾಗಿ ಪ್ರತಿ ಸಲವೂ ಏಣಿ ಹತ್ತಿ ಜಾಲರಿಯನ್ನು ಬಿಚ್ಚಿದ ಮೇಲೆಯೇ ಕೋಲಿಗೆ ಕೆಲಸ. ಅಳತೆ ತೆಗೆದುಕೊಳ್ಳಲು ಬಂದವರು ಇದನ್ನು ಯೋಚಿಸದಿದ್ದುದು ಆಶ್ಚರ್ಯ. ಹೊರಬದಿಯ ಗಾಜನ್ನು ತಾರಸಿಯಲ್ಲಿ ನಿಂತೇ ಒರೆಸಬಹುದು. ಒಳಬದಿಗೆ ಮತ್ತೆ ಏಣಿಯೇ ಗತಿ. ಸಾಧ್ಯವಿರುವವರು ಕೆಳಗಿನಿಂದಲೇ ತಿರುಗಿಸುವ ಹಿಡಿಯನ್ನಾಗಲಿ ಮೋಟಾರನ್ನಾಗಲಿ ಮೊದಲೇ ಕೇಳಿಕೊಳ್ಳುವುದು ಒಳಿತು, ಕಾಮಗಾರಿ ಮುಗಿದ ಮೇಲೆ ವೈರಿಂಗ್‌ಗಾಗಿ ಗೋಡೆ ಒಡೆಯಬೇಕಾಗುತ್ತದೆ.

ದೂರು ಕೊಟ್ಟ ನಂತರ ಜಾಲರಿಯನ್ನು ಪಕ್ಕಕ್ಕೆ ಸರಿಯುವಂತೆ ಬದಲಿಸಿಕೊಟ್ಟರು, ಆದರೆ ಹಣ ಪಡೆದೇ. ಚೌಕಟ್ಟಿಗಿರುವ ವಾರಂಟಿ ಜಾಲರಿಗೂ ಕೊಕ್ಕೆಗೂ ಅನ್ವಯಿಸುವುದಿಲ್ಲವೆಂದು ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ.